ಕಿಟಕಿ ತೆರೆಯಿರಿ, ಕೂಲರ್ ತಣ್ಣಗಾಗಲಿ

ಕಳೆದ ಏಪ್ರಿಲ್‌ನಲ್ಲಿ ಮೈಸೂರಿನ ಕುವೆಂಪುನಗರದ ನಮ್ಮ ಪಕ್ಕದ ಮನೆಯ ಹಿರಿಯರು ಹೊಸ ಕೂಲರ್ ತಂದರು. ಎರಡೇ ದಿನಕ್ಕೆ ನನ್ನನ್ನು ಕರೆದರು. ‘ಸ್ವಲ್ಪ ಬಂದು ನೋಡಪ್ಪಾ, ಗಾಳಿಯೇನೋ ಬರುತ್ತೆ, ಆದ್ರೆ ಮೈಯೆಲ್ಲ ಅಂಟಂಟು’ ಎಂದರು. ಯಂತ್ರದಲ್ಲಿ ದೋಷವಿರಲಿಲ್ಲ. ತಂಪು ಹೊರಗೆ ಹೋಗಬಾರದೆಂದು ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿಕೊಂಡಿದ್ದರು. ಕೂಲರಿನ ಬೆನ್ನನ್ನು ತೆರೆದ ಕಿಟಕಿಗೆ ತಿರುಗಿಸಿ, ಎದುರಿನ ಬಾಗಿಲನ್ನೂ ತೆರೆದೆವು. ಹತ್ತು ನಿಮಿಷದಲ್ಲಿ ಕೋಣೆ ಹಿತವಾಯಿತು.

ಈ ತಪ್ಪು ಮನೆಮನೆಯಲ್ಲೂ ಆಗುತ್ತದೆ. ಎಸಿಯನ್ನು ನೋಡಿ ಕೂಲರನ್ನೂ ಹಾಗೇ ಬಳಸುತ್ತೇವೆ. ಎಸಿ ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ಒಳಗೆಳೆದು ತಂಪು ಮಾಡುತ್ತದೆ, ಅದರ ತೇವವನ್ನು ಹಿಂಡಿ ಹೊರಗೆ ಸುರಿಸುತ್ತದೆ. ಕೂಲರಿನದು ಬೇರೆ ದಾರಿ. ಪಂಪು ನೀರನ್ನು ಮೇಲೆತ್ತಿ ಪ್ಯಾಡಿನ ಮೇಲೆ ಇಳಿಬಿಡುತ್ತದೆ, ಫ್ಯಾನು ಆ ಒದ್ದೆ ಪ್ಯಾಡಿನ ಮೂಲಕ ಹೊರಗಿನ ಗಾಳಿಯನ್ನು ಎಳೆಯುತ್ತದೆ. ನೀರು ಆವಿಯಾಗಲು ಬೇಕಾದ ಶಾಖವನ್ನು ಆ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಹಾಗಾಗಿ ಗಾಳಿ ತಂಪಾಗುತ್ತದೆ, ಜೊತೆಗೆ ತೇವವೂ ಆಗುತ್ತದೆ. ಆ ತೇವದ ಗಾಳಿಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಕೋಣೆ ಹಬೆಯ ಪಾತ್ರೆಯಂತಾಗುತ್ತದೆ.

ಇದೇ ಕೆಲಸವನ್ನು ಕರೆಂಟಿಲ್ಲದೆ ಮಾಡುವುದು ಅಡುಗೆಮನೆಯ ಮೂಲೆಯ ಮಣ್ಣಿನ ಮಡಕೆ. ಮಧ್ಯಾಹ್ನ ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿ, ಸಣ್ಣಗೆ ಬೆವರಿರುತ್ತದೆ. ಸುಟ್ಟ ಮಣ್ಣಿನ ಕಣ್ಣಿಗೆ ಕಾಣದ ರಂಧ್ರಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತಿರುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲೊರಿ ಸಾಕು. ಅದೇ ಒಂದು ಗ್ರಾಂ ಆವಿಯಾಗಿ ಹೋಗಬೇಕಾದರೆ ಸುಮಾರು 580 ಕ್ಯಾಲೊರಿ ಬೇಕು. ಅಂದರೆ 10 ಲೀಟರ್ ಹಿಡಿಯುವ ಮಡಕೆಯಿಂದ ಬರೀ 100 ಮಿಲಿಲೀಟರ್, ಅರ್ಧ ಲೋಟದಷ್ಟು, ಆವಿಯಾದರೆ ಉಳಿದ ನೀರು ಸುಮಾರು 6 ಡಿಗ್ರಿ ಇಳಿಯಬಲ್ಲದು. ಹೊರಗಿನ ಶಾಖ ಒಳಗೆ ನುಗ್ಗುತ್ತಲೇ ಇರುವುದರಿಂದ ನಿಜವಾಗಿ ಸಿಗುವುದು ಸ್ವಲ್ಪ ಕಡಿಮೆ.

ಎರಡು ಮೂರು ಬೇಸಿಗೆ ಕಂಡ ಮಡಕೆಯ ಹೊರಗೆ ಬಿಳಿ ಪುಡಿ ಕಟ್ಟುತ್ತದಲ್ಲ, ಅದು ಗಡಸು ಬೋರ್‌ವೆಲ್ ನೀರಿನ ಸುಣ್ಣದಂಶ. ರಂಧ್ರಗಳನ್ನು ಮುಚ್ಚುವುದೇ ಅದು. ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಿಂದ ಉಜ್ಜಿದರೆ ಎಷ್ಟೋ ಬಿಡುತ್ತದೆ. ಸೋಪು ಬೇಡ, ಮಣ್ಣು ಅದನ್ನು ಹೀರಿಕೊಳ್ಳುತ್ತದೆ. ಮಡಕೆಯ ಹೊರಮೈಗೆ ಪೇಂಟು ಬಳಿಸುವುದಂತೂ ಅದರ ಉಸಿರು ಕಟ್ಟಿಸಿದಂತೆ. ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ, ಮಲ್ಲಿಗೆ ಮಾರುವವರು ಒದ್ದೆ ಬಟ್ಟೆ ಹೊದಿಸಿಡುವುದರ ಹಿಂದೆಯೂ ಇರುವುದು ಇದೇ ಆವಿಯಾಗುವಿಕೆಯ ಲೆಕ್ಕ. ಅಲ್ಲಿನ ಗ್ರಂಧಿಗೆ ಅಂಗಡಿಗಳಲ್ಲಿ ಸಿಗುವ ಲಾವಂಚದ ಬೇರಿನ ತಟ್ಟಿಯನ್ನು ಕಿಟಕಿಗೆ ಕಟ್ಟಿ ನೀರು ಚಿಮುಕಿಸಿದರೆ ತಂಪಿನ ಜೊತೆ ಪರಿಮಳವೂ ಒಳಗೆ ಬರುತ್ತದೆ.

ಈ ಉಪಾಯಗಳಿಗೆ ಮೈಸೂರಿನ ಹವೆಯೇ ದೊಡ್ಡ ಆಸರೆ. ಸುಮಾರು 770 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿ ಮಾರ್ಚ್, ಏಪ್ರಿಲ್ ಮಧ್ಯಾಹ್ನದ ಗಾಳಿ ಸಾಮಾನ್ಯವಾಗಿ ಒಣಗಿರುತ್ತದೆ. 36 ಡಿಗ್ರಿ ಬಿಸಿಲಿದ್ದು ಆರ್ದ್ರತೆ ಶೇ 30 ಇದ್ದರೆ, ಆವಿಯಾಗುವಿಕೆಯಿಂದ ಒಳ್ಳೆಯ ಮಡಕೆ ಅಥವಾ ಕೂಲರ್ ಮುಟ್ಟಬಲ್ಲ ತಳಮಟ್ಟ ಸುಮಾರು 23 ಡಿಗ್ರಿ. ಕಡಲ ತಡಿಯಲ್ಲಿ 34 ಡಿಗ್ರಿ ಬಿಸಿಲಿದ್ದು ಆರ್ದ್ರತೆ ಶೇ 70 ಇದ್ದರೆ ಆ ತಳಮಟ್ಟ 29ಕ್ಕೇ ನಿಂತುಬಿಡುತ್ತದೆ. ಮಂಗಳೂರಿನ ನೆಂಟರಿಗೆ ಕೂಲರ್ ಹಿಡಿಸದಿರುವುದು ಅದಕ್ಕೇ. ನಮ್ಮಲ್ಲೂ ಮುಂಗಾರುಪೂರ್ವ ಮಳೆ ಬಿದ್ದ ಮರುದಿನ ಮಡಕೆಯ ನೀರು ಅಷ್ಟು ತಣ್ಣಗಿರುವುದಿಲ್ಲ.

ಇನ್ನು ಬರೀ ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ನಮ್ಮ ಬೆವರನ್ನು ಬೇಗ ಆರಿಸುತ್ತದೆ, ಅಷ್ಟೆ. ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗಿ ಪ್ರಯೋಜನವಿಲ್ಲ. ಗಾಳಿ 40 ಡಿಗ್ರಿ ಮುಟ್ಟಿದರೆ ಫ್ಯಾನನ್ನು ನಂಬಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂಥ ಬಿಸಿಯಲ್ಲಿ ಅದು ಮೈಗೆ ಶಾಖವನ್ನೇ ತಂದು ಬಡಿಯುತ್ತದೆ. ಆಗ ಒದ್ದೆ ಬಟ್ಟೆಯಿಂದ ಮೈ ಒರೆಸುವುದು, ನೀರು ಕುಡಿಯುವುದು, ವಯಸ್ಸಾದವರನ್ನು ನೆಲಮಹಡಿಗೆ ಕರೆತರುವುದೇ ಸರಿ.

ಮೇಲ್ಮಹಡಿಯಲ್ಲಿರುವವರ ಕಷ್ಟ ಬೇರೆ. ಆರ್‌ಸಿಸಿ ಚಾವಣಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಮಂಚದ ಮೇಲೆ ಕಾರುತ್ತದೆ. ಮಾರ್ಚ್ ಮೊದಲಿಗೇ ಟೆರೇಸಿಗೆ ಬಿಳಿ ಸುಣ್ಣ ಹೊಡೆಸಿಬಿಟ್ಟರೆ ಬಿಸಿಲಿನ ಬಹುಪಾಲು ಮರಳಿ ಆಕಾಶಕ್ಕೆ ಹೋಗುತ್ತದೆ. ಸಂಜೆ ಹೊರಗೆ ತಂಪಾದ ಮೇಲೆ ಎದುರುಬದುರಾದ ಎರಡು ಕಿಟಕಿ ತೆರೆದಿಡಿ. ಹಳೆಯ ತೊಟ್ಟಿಮನೆಗಳಲ್ಲಿ ಬಿಸಿಗಾಳಿಯನ್ನು ಹೊರಗೆ ಕಳಿಸುವ ಈ ಕೆಲಸವನ್ನು ನಡುವಿನ ತೆರೆದ ತೊಟ್ಟಿಯೇ ಮಾಡುತ್ತಿತ್ತು.

ಕೂಲರ್ ಇಟ್ಟುಕೊಂಡವರಲ್ಲಿ ಇನ್ನೊಂದು ಮಾತು. ಅದರ ಟ್ಯಾಂಕಿನಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬಹಳ ಇಷ್ಟ. ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ, ಒಳಗೋಡೆಯನ್ನು ಬ್ರಷ್‌ನಿಂದ ತಿಕ್ಕಿ, ಬಿಸಿಲಿಗೆ ಒಣಗಿಸಿದ ಮೇಲೆಯೇ ಹೊಸ ನೀರು ತುಂಬಿ.