ಊರಂಚಿನಲ್ಲಿ ಒಂದು ರಾತ್ರಿ: ಕೋಣೆ ಆರಿಸುವ ಲೆಕ್ಕ



ನೀವು ನಾಗಮಂಗಲದ ಕಾಲೇಜೊಂದರಲ್ಲಿ ಓದುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಪ್ರವೇಶ ಪರೀಕ್ಷೆಯ ಕೇಂದ್ರ ಬೆಂಗಳೂರು. ಬೆಳಗ್ಗೆ ಒಂಬತ್ತೂವರೆಗೆ ಒಳಗಿರಬೇಕು. ಆಮೇಲೆ ಬಂದವರಿಗೆ ಗೇಟು ತೆರೆಯುವುದಿಲ್ಲ. ನಿಮ್ಮ ಹಳ್ಳಿಯಿಂದ ಹೊರಡುವ ಮೊದಲ ಬಸ್ಸು ತಾಲ್ಲೂಕು ಕೇಂದ್ರ ಮುಟ್ಟುವ ಹೊತ್ತಿಗೇ ಏಳು ಗಂಟೆ. ಹಿಂದಿನ ದಿನವೇ ಹೋಗಿ ತಂಗದೆ ಬೇರೆ ದಾರಿಯಿಲ್ಲ. ಆಗ ಮನೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ: ಎಲ್ಲಿ ಉಳಿದುಕೊಳ್ಳುವುದು? ಎಷ್ಟು ಖರ್ಚಾಗುತ್ತದೆ?

ಕೆ.ಆರ್.ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ವಿದ್ಯಾರ್ಥಿಗಳಿಗೂ ಇದೇ ಪ್ರಶ್ನೆ. ನಗರದಲ್ಲಿ ಬಂಧುಗಳಿದ್ದವರ ಮಾತು ಬೇರೆ. ಇಲ್ಲದವರು ನಗರದ ನಡುವೆ ಬಾಡಿಗೆ ಹೆಚ್ಚೆಂದು ಊರಂಚಿನಲ್ಲಿ ಕೋಣೆ ಹುಡುಕುತ್ತಾರೆ. ಇದು ಒಳ್ಳೆಯ ಉಪಾಯ, ಆದರೆ ಎಲ್ಲ ಸಂದರ್ಭದಲ್ಲೂ ಅಲ್ಲ. ಅಗ್ಗದ ಕೋಣೆ ಯಾವಾಗ ನಿಜವಾಗಿ ಅಗ್ಗ, ಯಾವಾಗ ದುಬಾರಿ ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಒಂದು ಪದದ ಗೊಂದಲ ಕಳೆದುಕೊಳ್ಳೋಣ. ನಮ್ಮ ಕಡೆ ಹೋಟೆಲ್ ಎಂದರೆ ಇಡ್ಲಿ, ಕಾಫಿ ಸಿಗುವ ಜಾಗ. ಮಲಗಲು ಕೋಣೆ ಸಿಗುವುದು ಲಾಡ್ಜಿನಲ್ಲಿ. ನಗರದಲ್ಲಿ ಎರಡಕ್ಕೂ ಹೋಟೆಲ್ ಎನ್ನುವುದುಂಟು. ಆದ್ದರಿಂದ ಫಲಕ ನೋಡಿ ನಿರ್ಧರಿಸಬೇಡಿ. ಕೋಣೆ ಇದೆಯೇ, ಊಟ ಇದೆಯೇ ಎಂದು ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಊರಂಚಿನಲ್ಲಿ ಬಾಡಿಗೆ ಏಕೆ ಕಡಿಮೆ?

ಪಾಂಡವಪುರದವರಿಗೆ ಕಬ್ಬಿನ ಉದಾಹರಣೆ ಸುಲಭ. ಕಡಿದ ಕಬ್ಬು ತಡವಾದಷ್ಟೂ ಅದರ ಸಕ್ಕರೆಯ ಅಂಶ ಇಳಿಯುತ್ತದೆ. ದೂರದಿಂದ ತಂದರೆ ಸಾಗಣೆಯ ಖರ್ಚು ಏರುತ್ತದೆ. ಹೀಗಾಗಿ ಕಾರ್ಖಾನೆಗೆ ಹತ್ತಿರದ ಗದ್ದೆ ಕಬ್ಬು ಬೆಳೆಯುವವನಿಗೆ ಹೆಚ್ಚು ಅನುಕೂಲ. ಜರ್ಮನಿಯ ಜಮೀನುದಾರ ಯೋಹಾನ್ ಹೈನ್ರಿಷ್ ಫಾನ್ ಟ್ಯೂನೆನ್ 1826ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದೇ ವಿಚಾರವನ್ನು ಲೆಕ್ಕ ಹಾಕಿ ತೋರಿಸಿದ. ಪೇಟೆಯಿಂದ ದೂರ ಹೋದಂತೆ ಸಾಗಣೆ ಖರ್ಚು ಏರುತ್ತದೆ, ನೆಲದ ಗೇಣಿ ಇಳಿಯುತ್ತದೆ. ಅಮೆರಿಕದ ವಿಲಿಯಂ ಅಲೊನ್ಸೊ 1964ರಲ್ಲಿ ಈ ವಿಚಾರವನ್ನು ನಗರದ ಮನೆ, ಕಚೇರಿಗಳಿಗೆ ಅನ್ವಯಿಸಿದ.

ಇದರಿಂದ ನಮಗೆ ತಿಳಿಯುವುದೇನು? ಊರಂಚಿನ ಲಾಡ್ಜಿನವರು ನಿಮ್ಮ ಮೇಲಿನ ದಯೆಯಿಂದ ಬಾಡಿಗೆ ಇಳಿಸಿಲ್ಲ. ನೀವು ಮಾಡಬೇಕಾದ ಓಡಾಟದ ಕಷ್ಟಕ್ಕೆ ಸಮನಾಗಿ ಬಾಡಿಗೆ ಇಳಿದಿದೆ. ಬಾಡಿಗೆಯಲ್ಲಿ ಉಳಿದ ಹಣ ಆಟೋದಲ್ಲಿ ಹೋಗಬಹುದು. ಹಾಗಾದರೆ ಲಾಭ ಎಲ್ಲಿದೆ? ಕಿಲೋಮೀಟರಿನಲ್ಲಿ ದೂರವಿದ್ದು ನಿಮಿಷದಲ್ಲಿ ಹತ್ತಿರವಿರುವ ಜಾಗದಲ್ಲಿದೆ. ರೈಲು ನಿಲ್ದಾಣ, ಮೆಟ್ರೊ ನಿಲ್ದಾಣ, ದೊಡ್ಡ ಬಸ್ ನಿಲ್ದಾಣಗಳ ಬಗಲಿನ ಜಾಗಗಳು ಅಂಥವು.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಬೆಂಗಳೂರಿನ ಗುಬ್ಬಿ ತೋಟದಪ್ಪನವರ ಧರ್ಮಛತ್ರ 1903ರಲ್ಲಿ ಆರಂಭವಾದದ್ದು ರೈಲು ನಿಲ್ದಾಣದ ಎದುರಿಗೇ. ರೈಲಿಳಿದ ಪ್ರಯಾಣಿಕ ಗಂಟು ಹೊತ್ತು ಅಲೆಯಬಾರದು ಎಂಬ ಎಣಿಕೆ ಆ ಜಾಗದ ಆಯ್ಕೆಯಲ್ಲೇ ಕಾಣುತ್ತದೆ. ಕಾರುಗಳ ಕಾಲ ಬಂದ ಮೇಲೆ, 1925ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೆದ್ದಾರಿಯ ಬದಿಗೆ ಮೊದಲ ಮೋಟೆಲ್ ತೆರೆಯಿತು. ಪ್ರಯಾಣಿಕ ಎಲ್ಲಿ ಇಳಿಯುತ್ತಾನೋ ಅಲ್ಲಿ ಕೋಣೆ, ಎಂಬುದೇ ಅಲ್ಲಿಯೂ ಸೂತ್ರ.

ನಿಮ್ಮ ಬಾಗಿಲು ಯಾವುದು?

ಬೆಂಗಳೂರಿನ ಅಂಚು ಒಂದೇ ಅಲ್ಲ. ನೀವು ಯಾವ ದಿಕ್ಕಿನಿಂದ ನಗರವನ್ನು ಹೊಗುತ್ತೀರೋ ಅದು ನಿಮ್ಮ ಬಾಗಿಲು. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಮುಖ್ಯವಾಗಿ ಎರಡು ಬಾಗಿಲುಗಳಿವೆ.

ಮೊದಲನೆಯದು ಮೈಸೂರು ರಸ್ತೆಯ ಕೆಂಗೇರಿ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಇದೇ ಸಹಜ. ಈ ಎರಡೂ ಕಡೆ ಮೈಸೂರು–ಬೆಂಗಳೂರು ಮಾರ್ಗದ ರೈಲು ನಿಲ್ದಾಣಗಳಿವೆ. ಎಲ್ಲ ರೈಲುಗಳೂ ಇಲ್ಲಿ ನಿಲ್ಲುವುದಿಲ್ಲ. ಪಾಂಡವಪುರದ ನಿಲ್ದಾಣವಂತೂ ಪೇಟೆಯಿಂದ ಕೆಲವು ಕಿಲೋಮೀಟರ್ ಆಚೆಗಿದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಂಡು ಹೊರಡಿ. ಕೆಂಗೇರಿಯವರೆಗೆ ಮೆಟ್ರೊ ಬಂದದ್ದು 2021ರಲ್ಲಿ. 2023ರ ಅಕ್ಟೋಬರ್‌ನಿಂದ ಅದೇ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನಗರವನ್ನು ಅಡ್ಡಲಾಗಿ ದಾಟುತ್ತದೆ.

ಎರಡನೆಯದು ತುಮಕೂರು ರಸ್ತೆ. ನಾಗಮಂಗಲದವರೂ ಬೆಳ್ಳೂರು ಕ್ರಾಸ್ ಮೂಲಕ ಬರುವ ಕೆ.ಆರ್.ಪೇಟೆಯವರೂ ಕುಣಿಗಲ್, ನೆಲಮಂಗಲ ದಾಟಿ ಇಲ್ಲಿಂದ ನಗರವನ್ನು ಸೇರುತ್ತಾರೆ. ಕೆ.ಆರ್.ಪೇಟೆ ಪಟ್ಟಣಕ್ಕೆ ರೈಲಿಲ್ಲ. ಆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆ ನಿಲ್ದಾಣಗಳು ಮೈಸೂರು–ಹಾಸನ–ಅರಸೀಕೆರೆ ಮಾರ್ಗದವು; ಬೆಂಗಳೂರಿಗೆ ಅವು ಸುತ್ತುದಾರಿ. ನಾಗಮಂಗಲ ತಾಲ್ಲೂಕಿಗೆ ಮಾತ್ರ 2017ರಲ್ಲಿ ಬೆಂಗಳೂರು–ಹಾಸನ ರೈಲು ಮಾರ್ಗ ಪೂರ್ಣಗೊಂಡ ಮೇಲೆ ಬಿ.ಜಿ.ನಗರ ನಿಲ್ದಾಣದ ಅನುಕೂಲ ದೊರಕಿದೆ. ಆ ದಾರಿಯ ರೈಲುಗಳಿಗೆ ಯಶವಂತಪುರ ಮುಖ್ಯ ನಿಲ್ದಾಣ. ಅದರ ಮಗ್ಗುಲಲ್ಲೇ ಮೆಟ್ರೊ ಇದೆ. ಹಸಿರು ಮಾರ್ಗದ ಮೆಟ್ರೊ ಮೊದಲು ನಾಗಸಂದ್ರದವರೆಗೆ ಇತ್ತು. 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂದಿತು. ಒಂದು ಎಚ್ಚರಿಕೆ: ಪೀಣ್ಯದ ಮೇಲ್ಸೇತುವೆ ಹತ್ತಿದ ಬಸ್ಸು ಕೆಳಗಿನ ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲ. ಎಲ್ಲಿ ಇಳಿಯಬೇಕೆಂದು ಕಂಡಕ್ಟರನ್ನು ಟಿಕೆಟ್ ತೆಗೆಯುವಾಗಲೇ ಕೇಳಿ.

ನಿಯಮ ಇಷ್ಟೆ. ನೀವು ಹೊಗುವ ಬಾಗಿಲಿಗೂ ಪರೀಕ್ಷಾ ಕೇಂದ್ರಕ್ಕೂ ನಡುವಿನ ಗೆರೆಯ ಮೇಲೆಯೇ ಕೋಣೆ ಹಿಡಿಯಿರಿ. ನಾಗಮಂಗಲದಿಂದ ಬಂದು, ಅಗ್ಗವೆಂದು ಕೆಂಗೇರಿಯಲ್ಲಿ ತಂಗಿ, ಬೆಳಗ್ಗೆ ಮಲ್ಲೇಶ್ವರಕ್ಕೆ ಹೋಗುವುದು ಮೂಗನ್ನು ಸುತ್ತಿ ಹಿಡಿದಂತೆ.

ಕಾಗದದ ಮೇಲೆ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಊಹಿಸಿಕೊಂಡವು. ನಿಮ್ಮ ಕಾಲದ ದರಗಳನ್ನು ಹಾಕಿಕೊಳ್ಳಿ. ನೀವು ಮತ್ತು ನಿಮ್ಮ ತಂದೆ, ಇಬ್ಬರು. ಹೋಗಬೇಕಾದದ್ದು ಮಲ್ಲೇಶ್ವರಕ್ಕೆ.

ಒಂದನೇ ಕೋಣೆ ಮೆಜೆಸ್ಟಿಕ್ಕಿನಲ್ಲಿ. ಬಾಡಿಗೆ 1,200 ರೂಪಾಯಿ, ಬೆಳಗಿನ ಪ್ರಯಾಣಕ್ಕೆ ಇಬ್ಬರಿಗೆ 40. ಒಟ್ಟು 1,240.

ಎರಡನೇ ಕೋಣೆ ತುಮಕೂರು ರಸ್ತೆಯಿಂದ ನಾಲ್ಕೈದು ಕಿಲೋಮೀಟರ್ ಒಳಗೆ. ಬಾಡಿಗೆ 650 ಮಾತ್ರ. ರಾತ್ರಿ ಬಸ್ಸಿಳಿದು ಅಲ್ಲಿಗೆ ಹೋಗಲು ಆಟೋ 150, ಬೆಳಗ್ಗೆ ಮೆಟ್ರೊವರೆಗೆ ಮತ್ತೆ 150, ಮೆಟ್ರೊಗೆ 80. ಒಟ್ಟು 1,030.

ಮೂರನೇ ಕೋಣೆ ಮೆಟ್ರೊ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ. ಬಾಡಿಗೆ 850, ಮೆಟ್ರೊ 80. ಒಟ್ಟು 930.

ಬಾಡಿಗೆ ಮಾತ್ರ ನೋಡಿದವರು ಎರಡನೆಯದನ್ನು ಆರಿಸುತ್ತಾರೆ. ಒಟ್ಟು ನೋಡಿದವರು ಮೂರನೆಯದನ್ನು ಆರಿಸುತ್ತಾರೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಎರಡನೇ ಕೋಣೆಯಲ್ಲಿ ಬೆಳಗ್ಗೆ ಆಟೋ ಸಿಗಲಿಲ್ಲ. ಗಾಬರಿಯಲ್ಲಿ 500 ರೂಪಾಯಿಗೆ ಟ್ಯಾಕ್ಸಿ ಹಿಡಿದಿರಿ. ಆಗ ಒಟ್ಟು 650, 150, 500 ಸೇರಿ 1,300. ಮೆಜೆಸ್ಟಿಕ್ಕಿಗಿಂತ ದುಬಾರಿ! ಟ್ಯಾಕ್ಸಿಯೂ ವಾಹನಗಳ ನಡುವೆ ಸಿಕ್ಕಿಕೊಂಡರೆ ಹೋಗುವುದು ಹಣವಷ್ಟೇ ಅಲ್ಲ, ಒಂದು ವರ್ಷ. ಆದ್ದರಿಂದ ಪರೀಕ್ಷೆಯ ಹಿಂದಿನ ರಾತ್ರಿ ಕೋಣೆಯ ಬೆಲೆಗೆ ಮೂರು ಅಂಗಗಳು: ಬಾಡಿಗೆ, ಓಡಾಟ, ತಡವಾಗುವ ಅಪಾಯ. ಮೂರನೆಯದಕ್ಕೆ ರಸೀದಿ ಇರುವುದಿಲ್ಲ, ಆದ್ದರಿಂದ ಅದು ಮರೆತುಹೋಗುತ್ತದೆ.

ವಿದ್ಯಾರ್ಥಿನಿಯರ ಲೆಕ್ಕ ಸ್ವಲ್ಪ ಬೇರೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಐಷಾರಾಮಿ ಬಸ್ಸು, ಮೆಟ್ರೊಗಳಿಗೆ ಇದು ಅನ್ವಯಿಸದು. ನೇರ ಬಸ್ಸಿರುವ ಜಾಗವಾದರೆ ಮೆಟ್ರೊ ಇಲ್ಲದಿದ್ದರೂ ಖರ್ಚು ಇಳಿಯುತ್ತದೆ. ಸಮಯ ಮಾತ್ರ ಹೆಚ್ಚು ಇಟ್ಟುಕೊಳ್ಳಬೇಕು.

ಹಲವು ಪರೀಕ್ಷೆಗಳು ಭಾನುವಾರ ನಡೆಯುತ್ತವೆ. ಅಂದು ಮೆಟ್ರೊದ ಮೊದಲ ರೈಲು ಇತರ ದಿನಗಳಿಗಿಂತ ತಡವಾಗಿ ಹೊರಡುತ್ತದೆ. ಕೋಣೆ ಹಿಡಿಯುವ ಮೊದಲೇ ಈ ವೇಳೆಯನ್ನು ವಿಚಾರಿಸಿ.

ಮೈಸೂರಿಗೆ ಶ್ರೀರಂಗಪಟ್ಟಣವೇ ಊರಂಚು

ಇದೇ ಲೆಕ್ಕವನ್ನು ತಿರುಗಿಸಿ ನೋಡಬಹುದು. ಮೈಸೂರಿಗೆ ಸುಮಾರು 16 ಕಿಲೋಮೀಟರ್ ದೂರದ ಶ್ರೀರಂಗಪಟ್ಟಣಕ್ಕೆ ರೈಲೂ ಇದೆ, ಬಸ್ಸೂ ಇದೆ. ಹೀಗಾಗಿ ಮೈಸೂರಿಗೆ ಬರುವವರು ಇಲ್ಲಿ ತಂಗುವುದುಂಟು. ಕಾವೇರಿ ದಡದಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ರಿವರ್ ವ್ಯೂ ಇದೆ. ಪೇಟೆಯಲ್ಲಿ ಸಣ್ಣ ಲಾಡ್ಜುಗಳಿವೆ.

ಇಲ್ಲಿ ಗಮನಿಸಬೇಕಾದದ್ದು ಕಾಲ. ರಾಜ ಒಡೆಯರು 1610ರಲ್ಲಿ ದಸರಾ ಆರಂಭಿಸಿದ್ದು ಶ್ರೀರಂಗಪಟ್ಟಣದಲ್ಲೇ. ಈಗಲೂ ದಸರಾ ದಿನಗಳಲ್ಲಿ ಮೈಸೂರು ತುಂಬಿದರೆ ಅದರ ಹೊರೆ ಇಲ್ಲಿಗೆ ಹರಿಯುತ್ತದೆ, ದರವೂ ಏರುತ್ತದೆ. ಮೇಲುಕೋಟೆಯ ವೈರಮುಡಿಯ ಸಮಯದಲ್ಲಿ ಪಾಂಡವಪುರದ ಸುತ್ತಮುತ್ತಲೂ ಹೀಗೆಯೇ. ನಿಮ್ಮ ಪರೀಕ್ಷೆ ಅಥವಾ ಸಂದರ್ಶನ ಇಂಥ ದಿನಗಳಿಗೆ ಬಿದ್ದರೆ ಪಂಚಾಂಗ ನೋಡಿ, ಮೊದಲೇ ಕೋಣೆ ಹಿಡಿಯಿರಿ.

ಇನ್ನೊಂದು, ರಸ್ತೆಯ ಮಾತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಶ್ರೀರಂಗಪಟ್ಟಣದ ಒಳಗೆ ಹೋಗದೆ ಬದಿಗೆ ಸರಿದು ಹೋಗುತ್ತದೆ. ತಡೆರಹಿತ ಬಸ್ಸು ಹತ್ತಿದವರು ಊರು ಕಣ್ಣಿಗೆ ಕಂಡರೂ ಇಳಿಯಲಾರರು. ಆ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಸ್ಕೂಟರುಗಳಿಗೂ ಅವಕಾಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಹೆದ್ದಾರಿಯ ಮೇಲಿದೆ ಎಂಬ ಜಾಹೀರಾತು ನಂಬುವ ಮುನ್ನ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿ.

ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಚಿತ್ರೀಕರಣಕ್ಕೆಂದು ಹೊರ ಊರುಗಳಿಗೆ ಹೋಗುವಾಗ ನಮ್ಮ ತಂಡದವರು ಮೊದಲು ಕೇಳುವುದು ಬಾಡಿಗೆಯನ್ನಲ್ಲ, ಬೆಳಗ್ಗೆ ಬಾಗಿಲು ಯಾರು ತೆಗೆಯುತ್ತಾರೆ ಎಂಬುದನ್ನು. ರಾತ್ರಿ ಷಟರ್ ಎಳೆದು ಬೀಗ ಹಾಕಿ, ಕಾವಲುಗಾರ ಎಲ್ಲೋ ಮಲಗಿದ್ದರೆ ಐದು ಗಂಟೆಗೆ ಎದ್ದವರೂ ಆರರವರೆಗೆ ಒಳಗೇ ಕಾಯಬೇಕಾಗುತ್ತದೆ. ನಿಮಗಾಗಿ ಒಂದು ಪಟ್ಟಿ:

1. ದಿನದ ಲೆಕ್ಕ ಹೇಗೆ? ಬಂದ ಹೊತ್ತಿನಿಂದ 24 ಗಂಟೆಯೋ, ಮಧ್ಯಾಹ್ನ 12ಕ್ಕೆ ಖಾಲಿ ಮಾಡಬೇಕೋ? ಎರಡನೆಯದಾದರೆ ಪರೀಕ್ಷೆ ಮುಗಿಯುವವರೆಗೆ ಚೀಲ ಇಟ್ಟುಕೊಳ್ಳುತ್ತಾರೆಯೇ?
2. ಹೇಳಿದ ದರದಲ್ಲಿ ತೆರಿಗೆ ಸೇರಿದೆಯೇ? 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ಜಿ.ಎಸ್.ಟಿ. ಶೇಕಡಾ 5. ತೆರಿಗೆ ಹಾಕಿದರೆ ಬಿಲ್ಲು ಕೇಳಿ.
3. ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ? ಏಳಕ್ಕೆ ಬರುವ ಬಿಸಿನೀರು ಆರಕ್ಕೆ ಹೊರಡುವವರಿಗೆ ಉಪಯೋಗವಿಲ್ಲ.
4. ಹತ್ತಿರದಲ್ಲಿ ಬೆಳಗ್ಗೆ ಬೇಗ ತಿಂಡಿ ಸಿಗುತ್ತದೆಯೇ?
5. ಯಾವ ಗುರುತಿನ ಚೀಟಿ ಬೇಕು? ಹದಿನೆಂಟು ತುಂಬದವರಿಗೆ ಒಂಟಿಯಾಗಿ ಕೋಣೆ ಕೊಡಲು ಲಾಡ್ಜಿನವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಿರಿಯರೊಬ್ಬರು ಜೊತೆಗಿರಲಿ.
6. ಕೋಣೆಗೆ ಒಳಗಿನಿಂದ ಭದ್ರವಾದ ಚಿಲಕ ಇದೆಯೇ? ಬೆಂಕಿ ಬಿದ್ದರೆ ಇಳಿಯಲು ಇನ್ನೊಂದು ಮೆಟ್ಟಿಲು ಇದೆಯೇ? ಇದನ್ನು ಹೋದ ಕೂಡಲೇ ಕಣ್ಣಾರೆ ನೋಡಿಕೊಳ್ಳಿ.

ಆಧಾರ್ ಪ್ರತಿ ಕೊಡುವಾಗ ಮೊದಲ ಎಂಟು ಅಂಕಿಗಳು ಮರೆಯಾಗಿರುವ ಪ್ರತಿಯನ್ನು ಕೊಡಬಹುದು. ಅದನ್ನು ಆಧಾರ್ ಪ್ರಾಧಿಕಾರವೇ ಒದಗಿಸುತ್ತದೆ. ಮುಂಗಡ ಹಣದ ವಿಷಯದಲ್ಲಂತೂ ಬಹಳ ಜಾಗ್ರತೆ ಬೇಕು. ಅಂತರ್ಜಾಲದಲ್ಲಿ ಸಿಕ್ಕ ಯಾವುದೋ ನಂಬರಿಗೆ ಪೂರ್ತಿ ಹಣ ಕಳಿಸಬೇಡಿ. ಓ.ಟಿ.ಪಿ. ಕೇಳಿದರೆ ಫೋನು ಇಟ್ಟುಬಿಡಿ. ಮೋಸವಾದರೆ ತಡಮಾಡದೆ 1930ಕ್ಕೆ, ತುರ್ತು ಸಹಾಯಕ್ಕೆ 112ಕ್ಕೆ ಕರೆ ಮಾಡಿ.

ನೀವೇ ಮಾಡಿ ನೋಡಿ

ಪರೀಕ್ಷೆ ಬರುವವರೆಗೆ ಕಾಯಬೇಡಿ. ಒಂದು ಭಾನುವಾರ ಗೆಳೆಯರು, ಗೆಳತಿಯರು ಸೇರಿ ನಿಮ್ಮ ಊರಿನಿಂದ ಬೆಂಗಳೂರಿಗೂ ಮೈಸೂರಿಗೂ ಹೋಗುವ ಮೊದಲ ಮತ್ತು ಕೊನೆಯ ಬಸ್ಸು, ರೈಲುಗಳ ವೇಳೆಯನ್ನು ಬರೆದುಕೊಳ್ಳಿ. ನಿಮ್ಮ ಬಾಗಿಲಿನ ಬಳಿ, ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರದಲ್ಲಿರುವ ಮೂರು ನಾಲ್ಕು ಲಾಡ್ಜುಗಳಿಗೆ ಫೋನು ಮಾಡಿ, ಮೇಲಿನ ಪ್ರಶ್ನೆಗಳನ್ನು ಕೇಳಿ, ಒಂದು ಕೋಷ್ಟಕ ಮಾಡಿ. ಹಿಂದೆ ಪರೀಕ್ಷೆಗೆ ಹೋಗಿ ಬಂದ ಅಣ್ಣಂದಿರು, ಅಕ್ಕಂದಿರು ಎಲ್ಲಿ ಉಳಿದಿದ್ದರು, ಎಷ್ಟು ಖರ್ಚಾಯಿತು ಎಂದು ಕೇಳಿ ಅದನ್ನೂ ಸೇರಿಸಿ. ಆ ಕೋಷ್ಟಕವನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಹಾಕಿ, ಪ್ರತಿ ವರ್ಷ ದರಗಳನ್ನು ತಿದ್ದುತ್ತಾ ಬನ್ನಿ. ಮನೆಯಿಂದ ಮೊದಲ ಬಾರಿಗೆ ನಗರಕ್ಕೆ ಹೊರಟ ಹುಡುಗನೋ ಹುಡುಗಿಯೋ ಅದನ್ನು ಓದಿಕೊಂಡು ಗೇಟು ಮುಚ್ಚುವ ಮೊದಲೇ ಒಳಗಿದ್ದರೆ ನಿಮ್ಮ ಒಂದು ಭಾನುವಾರದ ಶ್ರಮ ಸಾರ್ಥಕ.