ಅಮೀರಬಾಯಿಯ ದನಿಗೊಂದು ಪಹಣಿ

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಹರಿದಾಗ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನೀರು ನುಗ್ಗಿತು. ಜೇವರ್ಗಿ ತಾಲ್ಲೂಕಿನಲ್ಲಿರುವ ನನ್ನ ತಾಯಿಯ ತವರೂ ಅವುಗಳಲ್ಲಿ ಒಂದು. ಪ್ರವಾಹ ಇಳಿದ ಮೇಲೆ ಸೋದರಮಾವನ ಮಗ ಒಂದು ತಗಡಿನ ಪೆಟ್ಟಿಗೆಯನ್ನು ಕಲಬುರಗಿಯ ನಮ್ಮ ಮನೆಗೆ ತಂದಿಟ್ಟ. ಒಳಗೆ ಏಳು ಗ್ರಾಮಫೋನ್ ತಟ್ಟೆಗಳಿದ್ದವು. ನಿಮಿಷಕ್ಕೆ 78 ಸುತ್ತು ತಿರುಗುವ, ಅರಗಿನಿಂದ ಮಾಡಿದ ಹಳೆಯ ತಟ್ಟೆಗಳು. ಕೆಸರು ತೊಳೆದು ನೋಡಿದರೆ ಒಂದೂ ಒಡೆದಿರಲಿಲ್ಲ. ಆದರೆ ನಡುವೆ ಅಂಟಿಸಿದ್ದ ಕಾಗದದ ಚೀಟಿಗಳು ನೆನೆದು ಕಿತ್ತುಹೋಗಿದ್ದವು. ಹಾಡು ಉಳಿದಿತ್ತು, ಹಾಡಿದವರ ಹೆಸರು ಕೊಚ್ಚಿಹೋಗಿತ್ತು.

ಆ ಪೆಟ್ಟಿಗೆ ನನಗೊಂದು ಹಳೆಯ ತಪ್ಪನ್ನು ನೆನಪಿಸಿತು. ತೊಂಬತ್ತರ ದಶಕದ ಮಾತು. ಅಫಜಲಪುರದಲ್ಲಿ ನಾನು ಸೇವೆಯಲ್ಲಿದ್ದಾಗ ಆಳಂದದ ನಮ್ಮ ಮನೆಯಿಂದ ತಾಯಿ ಬಂದಿದ್ದರು. ಅವರ ಸಂತೋಷಕ್ಕೆಂದು ಹಳೆಯ ಹಿಂದಿ ಚಿತ್ರಗೀತೆಗಳ ಒಂದು ಕ್ಯಾಸೆಟ್ ತಂದು ಹಾಕಿದೆ. 1944ರ ‘ರತನ್’ ಚಿತ್ರದ ಹಾಡು ಬಂದೊಡನೆ ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಿ, ‘ನಮ್ಮ ಬೀಳಗಿ ಅಮೀರಬಾಯಿ’ ಎಂದರು. ನಾನು ಕ್ಯಾಸೆಟ್ಟಿನ ಹೊದಿಕೆ ನೋಡಿ, ‘ಇಲ್ಲವ್ವಾ, ಜೊಹ್ರಾಬಾಯಿ ಅಂತ ಅಚ್ಚಾಗ್ಯಾದ’ ಎಂದೆ. ‘ಕಾಗದ ಏನರ ಅನ್ಲಿ ಯಪ್ಪಾ, ದನಿ ಸುಳ್ಳ ಹೇಳಲ್ಲ’ ಎಂದರು. ನಾನು ನಕ್ಕುಬಿಟ್ಟೆ. ಅಕ್ಷರ ಬಾರದ ತಾಯಿ ಒಂದು ಕಡೆ, ಅಚ್ಚಾದ ಕಾಗದ ಇನ್ನೊಂದು ಕಡೆ. ಎಂ.ಎ. ಓದಿದ ಅಧಿಕಾರಿ ಯಾವುದನ್ನು ನಂಬಿದ ಎಂಬುದನ್ನು ಹೇಳಬೇಕಾಗಿಲ್ಲ.

ನಿಜಾಮರ ರಾಜ್ಯದಲ್ಲಿ ಹುಟ್ಟಿ ಬೆಳೆದ ಆಕೆಗೆ ಶಾಲೆ ದೂರದ ಮಾತಾಗಿತ್ತು. ಕಿವಿಗೆ ಮಾತ್ರ ಬಹಳ ದೊಡ್ಡ ಶಿಕ್ಷಣ ದೊರಕಿತ್ತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಸೋಲಾಪುರದ ಕಡೆಯಿಂದ ಬರುವ ಮರಾಠಿ. ಭಜನೆಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದ, ಆಳಂದದ ಲಾಡ್ಲೆ ಮಶಾಕರ ಉರುಸಿನಲ್ಲಿ ಕವ್ವಾಲಿ. ಇವೆಲ್ಲವನ್ನೂ ಒಟ್ಟಿಗೆ ಕೇಳಿ ಬೆಳೆದ ಸೀಮೆಗೆ ಅಮೀರಬಾಯಿ ಕರ್ನಾಟಕಿ ಅವರ ದನಿ ಹೊರಗಿನದೆನಿಸಲಿಲ್ಲ. ರಂಗಭೂಮಿಯಲ್ಲಿ ಪಳಗಿದ ತುಂಬುಕಂಠ ಅದು. ಉರ್ದು ಉಚ್ಚಾರ, ಬಿಜಾಪುರ ಸೀಮೆಯ ಗತ್ತು ಎರಡೂ ಅದರಲ್ಲಿದ್ದವು.

ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಮೂವತ್ತರ ದಶಕದಲ್ಲಿ ಮುಂಬಯಿಯ ಚಿತ್ರರಂಗ ಸೇರಿದರು. ಅಕ್ಕ ಗೋಹರಬಾಯಿ ಬಾಲಗಂಧರ್ವರ ನಾಟಕ ಕಂಪನಿಯಲ್ಲಿ ಹೆಸರು ಮಾಡಿದರೆ, ತಂಗಿ ನಟಿಯಾಗಿ, ಬಳಿಕ ಗಾಯಕಿಯಾಗಿ ದೇಶಕ್ಕೆಲ್ಲ ಪರಿಚಿತರಾದರು. 1940ರ ‘ನರ್ಸಿ ಭಗತ್’ ಚಿತ್ರಕ್ಕಾಗಿ ಗಾಂಧೀಜಿಯವರ ಮೆಚ್ಚಿನ ಭಜನೆಯನ್ನು ಹಾಡಿದವರಲ್ಲಿ ಅವರೂ ಒಬ್ಬರು. 1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂತು. ಅನಿಲ್ ಬಿಸ್ವಾಸ್ ಅವರ ಸಂಗೀತ, ಕವಿ ಪ್ರದೀಪ್ ಅವರ ಸಾಹಿತ್ಯ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಕ್ವಿಟ್ ಇಂಡಿಯಾ ಚಳವಳಿಯ ಕಾವು ಆರದ ದಿನಗಳಲ್ಲಿ ಆ ಚಿತ್ರದ ದೇಶಭಕ್ತಿಗೀತೆ ಊರೂರಿನ ಘೋಷಣೆಯಾಯಿತು. ಅದರಲ್ಲಿ ಕೇಳಿಬರುವ ಮುಖ್ಯ ಹೆಣ್ಣುದನಿ ಕನ್ನಡನಾಡಿನ ಈ ಹೆಣ್ಣುಮಗಳದು. ಮರುವರ್ಷ ನೌಷಾದ್ ಅವರ ‘ರತನ್’, ಖೇಮ್‌ಚಂದ್ ಪ್ರಕಾಶ್ ಅವರ ‘ಭರ್ತೃಹರಿ’. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಸ್ವತಃ ಸಂಗೀತ ನಿರ್ದೇಶಕಿ. ಸಂಗೀತ ನಿರ್ದೇಶನ ಬಹುಮಟ್ಟಿಗೆ ಗಂಡಸರ ಕಸುಬಾಗಿದ್ದ ಕಾಲ ಅದು ಎಂಬುದನ್ನು ಮರೆಯಬಾರದು.

1949ರ ನಂತರ ಗಾಳಿ ಬದಲಾಯಿತು. ಲತಾ ಮಂಗೇಶ್ಕರ್ ಅವರ ಎಳೆಯ, ತೆಳುವಾದ, ಎತ್ತರದ ದನಿ ಹೊಸ ಮಾದರಿಯಾಯಿತು. ತುಂಬುಕಂಠದ ಒಂದು ಪೀಳಿಗೆಯೇ ಹಿಂದೆ ಸರಿಯಿತು. ಅಮೀರಬಾಯಿ ಮತ್ತೆ ಸಣ್ಣಪುಟ್ಟ ಪಾತ್ರಗಳ ನಟಿಯಾದರು. 1965ರಲ್ಲಿ ತೀರಿಕೊಂಡರು.

ಇಂಥ ಒಂದು ಜೀವಮಾನವನ್ನು ಮೊದಲಿನಿಂದ ಕಡೆಯವರೆಗೆ ಕೇಳಬೇಕೆಂದು ಬಯಸಿದವರಿಗೆ ಏನು ದೊರೆಯುತ್ತದೆ? ನನ್ನ ಕೈಗೆ ಬಂದ ಕ್ಯಾಸೆಟ್ಟು, ಸಿ.ಡಿ.ಗಳ ಅನುಭವ ಹೇಳುವುದಾದರೆ, ಅದೇ ನಾಲ್ಕಾರು ಪ್ರಸಿದ್ಧ ಹಾಡುಗಳು, ಅವೂ ಬೇರೆ ಗಾಯಕಿಯರ ಹಾಡುಗಳ ನಡುವೆ. ವರ್ಷವಿಲ್ಲ, ಕ್ರಮವಿಲ್ಲ. ಕೆಲವೊಮ್ಮೆ ಹೆಸರೂ ಸರಿಯಿಲ್ಲ. ‘ರತನ್’ ಚಿತ್ರದಲ್ಲಿ ಕಣ್ಣುಗಳನ್ನೇ ಕುರಿತ ಎರಡು ಹಾಡುಗಳಿವೆ. ಒಂದನ್ನು ಜೊಹ್ರಾಬಾಯಿ ಅಂಬಾಲೆವಾಲಿ ಹಾಡಿದ್ದಾರೆ, ಇನ್ನೊಂದನ್ನು ಅಮೀರಬಾಯಿ. ಮೊದಲ ಸಾಲಿನ ಪದಗಳು ಒಂದನ್ನೊಂದು ಹೋಲುವುದರಿಂದ ಪಟ್ಟಿ ಬರೆಯುವವರು ಎಡವುವುದು ಸುಲಭ. ನನ್ನ ಕ್ಯಾಸೆಟ್ಟಿನಲ್ಲಿ ಆದದ್ದು ಇದೇ.

ಇದು ಈಚಿನವರ ಉದಾಸೀನ ಮಾತ್ರವಲ್ಲ, ಮೂಲದಲ್ಲೇ ಇದ್ದ ದೋಷ. ‘ಮಹಲ್’ ಚಿತ್ರದ ಪ್ರಖ್ಯಾತ ಹಾಡಿನ ಧ್ವನಿಮುದ್ರಿಕೆ 1949ರಲ್ಲಿ ಹೊರಬಂದಾಗ ಚೀಟಿಯ ಮೇಲಿದ್ದದ್ದು ಲತಾ ಅವರ ಹೆಸರಲ್ಲ, ಕಥೆಯ ಪಾತ್ರವಾದ ‘ಕಾಮಿನಿ’ಯ ಹೆಸರು. ‘ಕಿಸ್ಮತ್’ ಚಿತ್ರದ ಒಂದು ಯುಗಳಗೀತೆಯಲ್ಲಿ ತೆರೆಯ ಮೇಲೆ ಅಶೋಕ್ ಕುಮಾರ್ ಅವರ ದನಿಯಿದ್ದರೆ ತಟ್ಟೆಯಲ್ಲಿ ಅರುಣ್ ಕುಮಾರ್ ಅವರದು. ಲತಾ ಬದುಕಿನುದ್ದಕ್ಕೂ ಹಾಡಿ ತಮ್ಮ ಹೆಸರನ್ನು ತಾವೇ ಸ್ಥಾಪಿಸಿಕೊಂಡರು. ಆ ಅವಕಾಶ ದೊರೆಯದವರ ಗತಿಯೇನು?

ಕಂದಾಯ ಇಲಾಖೆಯಲ್ಲಿ ದುಡಿದ ನನಗೆ ಇದು ಪಹಣಿಯ ಸಮಸ್ಯೆಯಂತೆಯೇ ಕಾಣುತ್ತದೆ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರು. ಹೊಲದಲ್ಲಿ ಬೆವರು ಸುರಿಸಿದವನ ಹೆಸರು ಕಾಗದದಲ್ಲಿಲ್ಲದಿದ್ದರೆ ಅವನ ಹಕ್ಕು ಗಾಳಿಯಲ್ಲಿ ತೂಗುತ್ತದೆ. ಅಂಥ ತಕರಾರು ಬಂದಾಗ ನಾವು ಸ್ಥಳಕ್ಕೆ ಹೋಗಿ, ಅಕ್ಕಪಕ್ಕದವರನ್ನು ವಿಚಾರಿಸಿ, ಪಂಚನಾಮೆ ಮಾಡುತ್ತಿದ್ದೆವು. ಹೊಲದ ವಿಷಯದಲ್ಲಿ ಆ ಸಹನೆ ತೋರಿದ ನಾನು ಹಾಡಿನ ವಿಷಯದಲ್ಲಿ ಮನೆಯಲ್ಲೇ ಇದ್ದ ಸಾಕ್ಷಿಯನ್ನು ನಕ್ಕು ತಳ್ಳಿಹಾಕಿದ್ದೆ.

ಸಮಗ್ರ ಸಂಕಲನವೆಂದರೆ ಹಳೆಯ ನೆನಪುಗಳ ಅಲಂಕೃತ ಡಬ್ಬಿಯಲ್ಲ. ಅದು ದನಿಯೊಂದರ ಹಕ್ಕುದಾಖಲೆ. ಹಾಡು, ಚಿತ್ರ, ವರ್ಷ, ಕವಿ, ಸಂಯೋಜಕ, ತಟ್ಟೆಯ ಸಂಖ್ಯೆ, ಚಿತ್ರದ ಆವೃತ್ತಿಗೂ ತಟ್ಟೆಯ ಆವೃತ್ತಿಗೂ ಇರುವ ವ್ಯತ್ಯಾಸ, ಇವಿಷ್ಟೂ ಅದರಲ್ಲಿರಬೇಕು. ಪ್ರಸಿದ್ಧಿಯಾಗದ ಹಾಡುಗಳೂ ಇರಬೇಕು. ಆಗ ಮಾತ್ರ ಕಂಠವೊಂದು ಬೆಳೆದದ್ದು, ಮಾಗಿದ್ದು, ದಣಿದದ್ದು ಕೇಳುಗನಿಗೆ ತಿಳಿಯುತ್ತದೆ.

ಮಾರುಕಟ್ಟೆ ಇದನ್ನು ತಾನಾಗಿ ಮಾಡುವುದು ಕಷ್ಟ. ಖರ್ಚಾಗುವ ಹಾಡುಗಳು ಕೆಲವೇ. ಉಳಿದವುಗಳ ಪರಿಶೋಧನೆಯ ವೆಚ್ಚ ಮರಳಿ ಬರುವುದಿಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಇದು ಸಾರ್ವಜನಿಕ ಸರಕು. ಇಂಥದ್ದನ್ನು ಸಮಾಜವೇ ಕೈಗೆತ್ತಿಕೊಳ್ಳಬೇಕು. ಕಾನೂನೂ ದೊಡ್ಡ ಅಡ್ಡಿಯಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ. 1943ರ ತಟ್ಟೆಯ ಮೇಲಿನ ಹಕ್ಕು 2003ರ ಕೊನೆಗೇ ಮುಗಿದಿದೆ. ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕು ಬೇರೆ. ಅದು ಕರ್ತೃ ತೀರಿಕೊಂಡ ಮೇಲೆ 60 ವರ್ಷ ಉಳಿಯುತ್ತದೆ. ಕವಿ ಪ್ರದೀಪ್ ನಿಧನರಾದದ್ದು 1998ರಲ್ಲಿ, ಅನಿಲ್ ಬಿಸ್ವಾಸ್ 2003ರಲ್ಲಿ. ಆದ್ದರಿಂದ ಹಕ್ಕುದಾರರ ಅನುಮತಿ ಪಡೆದು ಗೌರವಧನ ಸಲ್ಲಿಸಬೇಕಾಗುತ್ತದೆ. ಅದು ಪತ್ರವ್ಯವಹಾರದ ಕೆಲಸ, ಅಸಾಧ್ಯದ ಕೆಲಸವಲ್ಲ.

ಬದುಕನ್ನು ದಾಖಲಿಸುವ ಕೆಲಸ ಈಗಾಗಲೇ ಆಗಿದೆ. ರಹಮತ್ ತರೀಕೆರೆ ಅವರು ಅಮೀರಬಾಯಿ ಅವರನ್ನು ಕುರಿತು ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ದನಿಯ ಕೆಲಸ ಉಳಿದಿದೆ. ರಾಜ್ಯದ ಸಂಸ್ಕೃತಿ ಇಲಾಖೆಯೋ ಈ ಭಾಗದ ವಿಶ್ವವಿದ್ಯಾಲಯವೋ ಮುಂದಾಗಲಿ. ಕಲಬುರಗಿ, ವಿಜಯಪುರ, ಬಾಗಲಕೋಟೆ, ಸೋಲಾಪುರಗಳ ಹಳೆಯ ಮನೆಗಳ ಅಟ್ಟದ ಮೇಲಿರುವ ತಟ್ಟೆಗಳನ್ನು ಎರವಲು ಪಡೆದು, ಮುದ್ರಿಸಿಕೊಂಡು, ಮರಳಿಸಲಿ. ಅವುಗಳೊಡನೆ ಮನೆಯ ಹಿರಿಯರ ಮಾತನ್ನೂ ದಾಖಲಿಸಲಿ. ತಟ್ಟೆಗಳು ಇನ್ನೊಂದು ಪ್ರವಾಹವನ್ನು ತಡೆದಾವು. ತೊಂಬತ್ತು ದಾಟಿದ ಕೇಳುಗರು ಹೆಚ್ಚು ದಿನ ಕಾಯಲಾರರು.

ನಮ್ಮ ಪೆಟ್ಟಿಗೆಯ ಕಥೆಗೆ ಮರಳುತ್ತೇನೆ. ಚೀಟಿ ಹೋದರೂ ತಟ್ಟೆಯ ಒಳಅಂಚಿನ ಖಾಲಿ ಪಟ್ಟಿಯಲ್ಲಿ ಕಾರ್ಖಾನೆಯವರು ಒತ್ತಿದ ಸಂಖ್ಯೆ ಉಳಿದಿರುತ್ತದೆ. ಸೋಲಾಪುರದ ಹಿರಿಯ ಸಂಗ್ರಾಹಕರೊಬ್ಬರು ಭೂತಗನ್ನಡಿ ಹಿಡಿದು ಆ ಸಂಖ್ಯೆಗಳನ್ನು ಓದಿ, ತಮ್ಮ ಪಟ್ಟಿಯೊಡನೆ ತಾಳೆ ನೋಡಿ, ಐದು ತಟ್ಟೆಗಳನ್ನು ಗುರುತಿಸಿಕೊಟ್ಟರು. ಒಂದು ‘ರತನ್’ ಚಿತ್ರದ್ದು. ಗಾಯಕಿ ಅಮೀರಬಾಯಿ ಕರ್ನಾಟಕಿ. ಹಾಕಿ ಕೇಳಿದೆ. ಕ್ಯಾಸೆಟ್ಟಿನಲ್ಲಿದ್ದ ಅದೇ ಹಾಡು, ಅದೇ ದನಿ.

ತಾಯಿ ತೀರಿಕೊಂಡು ಅಷ್ಟು ಹೊತ್ತಿಗೆ ಒಂಬತ್ತು ವರ್ಷವಾಗಿತ್ತು. ‘ನೀನು ಹೇಳಿದ್ದೇ ನಿಜ’ ಎನ್ನಲು ಆಕೆ ಇರಲಿಲ್ಲ. ಹೊಸ ಹೊದಿಕೆಗಳನ್ನು ಮಾಡಿಸಿ ಐದರ ಮೇಲೆ ಕನ್ನಡದಲ್ಲಿ ಹೆಸರು ಬರೆದಿಟ್ಟೆ. ಉಳಿದೆರಡು ಹೊದಿಕೆಗಳ ಮೇಲೆ ಇನ್ನೂ ಏನನ್ನೂ ಬರೆದಿಲ್ಲ. ಆಳಂದ, ಜೇವರ್ಗಿಗಳಿಂದ ಹಿರಿಯರು ಯಾರಾದರೂ ಮನೆಗೆ ಬಂದರೆ ಮೊದಲು ಆ ಎರಡನ್ನು ಹಾಕಿ ಕೇಳಿಸುತ್ತೇನೆ. ಅವರು ಹೇಳುವುದನ್ನು ಬರೆದುಕೊಳ್ಳುತ್ತೇನೆ.