ಹಾಡೂ ಒಂದು ದಾಸೋಹ

ಅನ್ನವನ್ನು ಬಡಿಸಿದರೆ ಬಡಿಸಿದವರ ಪಾತ್ರೆ ಬರಿದಾಗುತ್ತದೆ; ಹಾಡನ್ನು ಬಡಿಸಿದರೆ ಬಡಿಸಿದವರಲ್ಲಿಯೂ ಅದು ಉಳಿಯುತ್ತದೆ. ಈ ಕಾರಣದಿಂದಲೇ ನಮ್ಮ ಹಿರಿಯರು ಹಾಡನ್ನು ಬಚ್ಚಿಡುವ ಒಡವೆಯೆಂದು ಬಗೆಯಲಿಲ್ಲ. ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನೂ, ಕಂಸಾಳೆ ಹಿಡಿದ ದೇವರಗುಡ್ಡರು ಮಲೆಯ ಮಾದಪ್ಪನ ಕಥೆಯನ್ನೂ ಮಂಡ್ಯ, ಮೈಸೂರು ಸೀಮೆಯ ಊರೂರಿಗೆ ಹೊತ್ತು ನಡೆದರು. ಮುಖಪರಿಚಯವಿಲ್ಲದವರ ಜಗುಲಿಯಲ್ಲಿ ಕುಳಿತು ಹಾಡಿದರು. ಕೈಯಲ್ಲಿ ಹಿಡಿದು ನಡೆಯಬಹುದಾದ ವಾದ್ಯ ಮತ್ತು ಯಾರಿಗಾದರೂ ತೆರೆದಿರುವ ಹಾಡು, ಇವೆರಡೇ ಆ ಪರಂಪರೆಯ ಬಂಡವಾಳವಾಗಿದ್ದವು.

ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ 13ನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ. ಹೊಯ್ಸಳರ ಕಾಲದ ಈ ತ್ರಿಕೂಟದ ಒಂದು ಗರ್ಭಗುಡಿಯಲ್ಲಿ ಕೊಳಲೂದುವ ವೇಣುಗೋಪಾಲನಿದ್ದಾನೆ. ಹೊರಗೋಡೆಯ ತಳಭಾಗದ ಸಾಲುಗಳಲ್ಲಿ ರಾಮಾಯಣ, ಮಹಾಭಾರತಗಳ ಕಥೆ ಕಲ್ಲಿನಲ್ಲಿ ಅರಳಿದೆ. ಸುತ್ತಿ ಬರುವ ಯಾರಾದರೂ ಅದನ್ನು ಓದಿಕೊಳ್ಳಬಹುದು. ಅದೇ ತಾಲ್ಲೂಕಿನ ಕಿಕ್ಕೇರಿಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಪ್ರಕಟವಾಯಿತು. ಮುಂದೆ ಗಾಯಕರ ಕಂಠದಿಂದಲೂ ಧ್ವನಿಸುರುಳಿಗಳಿಂದಲೂ ಅದರ ಗೀತೆಗಳು ಕವಿಯನ್ನು ಕಾಣದವರ ಮನೆಗಳನ್ನೂ ಹೊಕ್ಕವು. ಇಂದು ಇದೇ ಹಾದಿಯ ಬಸ್ಸುಗಳಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಪಕ್ಕಪಕ್ಕದಲ್ಲಿ ಕುಳಿತವರು ಬೇರೆಬೇರೆ ಹಾಡು ಕೇಳುತ್ತ ಸಾಗುತ್ತಾರೆ. ಹಾಡು ಹೆಚ್ಚಾಗಿದೆ; ಹಂಚಿಕೆ ಕಡಿಮೆಯಾಗಿದೆ.

ಇದು ಯಂತ್ರದ ದೋಷವೆಂದು ನಾವು ಹೇಳಲಾರೆವು. 1979ರಲ್ಲಿ ಜಪಾನಿನ ಸೋನಿ ಸಂಸ್ಥೆ ಹೊರತಂದ ಮೊದಲ ವಾಕ್‌ಮನ್‌ನಲ್ಲಿ ಇಬ್ಬರು ಕೂಡಿ ಕೇಳಲೆಂದು ಎರಡು ಕಿಂಡಿಗಳಿದ್ದವು. ಕೇಳುತ್ತಲೇ ಪರಸ್ಪರ ಮಾತನಾಡಲು ಒಂದು ಗುಂಡಿಯೂ ಇತ್ತು. ಜನ ಒಬ್ಬೊಬ್ಬರಾಗಿಯೇ ಕೇಳತೊಡಗಿದಾಗ ಮುಂದಿನ ಮಾದರಿಗಳಲ್ಲಿ ಆ ಸೌಕರ್ಯ ಮರೆಯಾಯಿತು. 2006ರಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯ ಜೂನ್ ಎಂಬ ಉಪಕರಣ ತಂತಿಯಿಲ್ಲದೆ ಹಾಡನ್ನು ಪಕ್ಕದವರ ಉಪಕರಣಕ್ಕೆ ಕಳುಹಿಸುತ್ತಿತ್ತು. ಆದರೆ ಹಾಗೆ ಬಂದ ಹಾಡು 3 ಸಲ ಕೇಳಿದ ಮೇಲೆ, ಇಲ್ಲವೇ 3 ದಿನ ಕಳೆದ ಮೇಲೆ ಮೌನವಾಗುತ್ತಿತ್ತು. ಕಳುಹಿಸಿದವರು ತಾವೇ ಹಾಡಿದ ಹಾಡಾದರೂ ಅದೇ ಕಟ್ಟಳೆ! ಎಡೆಯಿಟ್ಟು ಮೂರನೆಯ ತುತ್ತಿಗೆ ಎಲೆ ಎಳೆದುಕೊಂಡಂತಲ್ಲವೇ ಇದು?

ಇದಕ್ಕೆ ಹೋಲಿಸಿದರೆ ನಮ್ಮ ಸಾಮಾನ್ಯ ಮೊಬೈಲು ಉದಾರಿ. ಬ್ಲೂಟೂತ್ ಮೂಲಕ ಸುಮಾರು 10 ಮೀಟರ್ ಅಂತರದಲ್ಲಿರುವವರಿಗೆ ಅಂತರ್ಜಾಲದ ಹಂಗಿಲ್ಲದೆ ಹಾಡು ಕೊಡಬಹುದು. ಪಡೆಯುವವರು ಒಪ್ಪಿದರಷ್ಟೇ ಅದು ತಲುಪುತ್ತದೆ. ಎಂಪಿ3 ರೂಪದ ಹಾಡು ಯಾವ ಸಂಸ್ಥೆಯ ಉಪಕರಣದಲ್ಲಾದರೂ ನುಡಿಯುತ್ತದೆ. ಹೆಬ್ಬೆರಳಿನ ಉಗುರಿನಷ್ಟಿರುವ ಮೆಮೊರಿ ಕಾರ್ಡು ನೂರಾರು ಹಾಡುಗಳನ್ನು ಒಂದು ಊರಿನಿಂದ ಇನ್ನೊಂದಕ್ಕೆ ಒಯ್ದಿದೆ.

ಆದರೆ ಕೊಡಬಹುದಾದುದೆಲ್ಲ ಕೊಡತಕ್ಕದ್ದೇ? ಇಲ್ಲಿ ವಿವೇಕ ಬೇಕು. ಹನ್ನೆರಡನೆಯ ಶತಮಾನದ ವಚನಗಳ ಮೂಲಪಾಠ ಎಲ್ಲರ ಸೊತ್ತು. ಆದರೆ ಅದನ್ನು ಇಂದು ರಾಗಕ್ಕೆ ಅಳವಡಿಸಿದವರ, ಹಾಡಿದವರ, ಧ್ವನಿಮುದ್ರಿಸಿದವರ ಹಕ್ಕು ಬೇರೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಕವಿಯ ಕೃತಿಗೆ ಅವರ ಮರಣಾನಂತರ 60 ವರ್ಷ, ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ ರಕ್ಷಣೆಯುಂಟು. ನರಸಿಂಹಸ್ವಾಮಿಯವರು ಲಿಂಗೈಕ್ಯರಾದವರಲ್ಲದಿದ್ದರೂ ನಮ್ಮೆಲ್ಲರ ಮನೆಯ ಕವಿ. 2003ರಲ್ಲಿ ತೀರಿಕೊಂಡ ಅವರ ಕವಿತೆಗಳ ಹಕ್ಕು 2063ರವರೆಗೆ ಉಳಿಯುತ್ತದೆ. ಕಾಯಕ ಮಾಡಿದವರಿಗೆ ಸಲ್ಲಬೇಕಾದುದನ್ನು ಸಲ್ಲಿಸದೆ ಹಂಚಿದರೆ ಅದು ದಾಸೋಹವೆನಿಸದು.

ಹಾಗಾದರೆ ನಿರಾತಂಕವಾಗಿ ಹಂಚಬಹುದಾದುದು ಯಾವುದು? ನಮ್ಮ ಮನೆಗಳಲ್ಲಿಯೇ ಇದೆ. ಅಜ್ಜಿಯ ಸೋಬಾನೆ, ಬೀಸುವ ಪದ, ಅಕ್ಕನ ಬಳಗದವರು ತಾವೇ ಧಾಟಿ ಕಟ್ಟಿ ಹಾಡಿದ ವಚನ, ಊರ ಭಜನೆಯವರ ತತ್ತ್ವಪದ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಹಳ್ಳಿಗಳ ಹಾಡುಗಳನ್ನು ಧ್ವನಿಮುದ್ರಿಸಿ ಕೂಡಿಟ್ಟರು. ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು. ಅವರಿಗೆ ದೊರೆಯದೆ ಉಳಿದ ಹಾಡುಗಳೆಷ್ಟೋ ನಮ್ಮ ಅಟ್ಟದ ಮೇಲಿನ ಕ್ಯಾಸೆಟ್ಟುಗಳಲ್ಲಿವೆ. ಆ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಅಂಟಿಕೊಳ್ಳುತ್ತದೆ. ಒಂದೇ ಮೊಬೈಲಿನಲ್ಲಿರುವ ಧ್ವನಿ ಆ ಮೊಬೈಲಿನೊಡನೆಯೇ ಅಳಿಯುತ್ತದೆ. ಹತ್ತು ಕೈಗೆ ಹೋದ ಹಾಡು ಮಾತ್ರ ಉಳಿಯುತ್ತದೆ.

ಆದುದರಿಂದ ಓದುಗ ಬಂಧುಗಳು ಈ ಶ್ರಾವಣದಲ್ಲಿ ಒಂದು ಕೆಲಸ ಮಾಡಬೇಕೆಂದು ನಮ್ಮ ಕೋರಿಕೆ. ಮನೆಯ ಹಿರಿಯರ ಒಪ್ಪಿಗೆ ಪಡೆದು ಅವರ ಹಾಡನ್ನು ಧ್ವನಿಮುದ್ರಿಸಿರಿ. ಹಾಡಿನ ಮೊದಲಲ್ಲಿ ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಅವರ ಬಾಯಿಂದಲೇ ಹೇಳಿಸಿರಿ. ಜಾತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ, ಮಠದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರನ್ನು ‘ಇದು ನಮ್ಮ ಅವ್ವನ ಹಾಡು, ಬೇಕೇ?’ ಎಂದು ಕೇಳಿರಿ. ಅವರ ಬಳಿಯೂ ಒಂದು ಹಾಡಿದ್ದೀತು.